ಮೂವತ್ತಾರು ಗಂಟೆ

ಮೂರು ವರ್ಷಕ್ಕೊಮ್ಮೆ ಮೂವತ್ತಾರು ಗಂಟೆ
ಕೂತು ಕೇಳಬೇಕು. ಕೇಳಿದ್ದಕ್ಕೊಂದು ನಂಬರು ಕೊಡುತ್ತಾರೆ.
ಅರ್ಜಿಯ ತಳದಲ್ಲಿ ನನ್ನ ಹೆಸರು,
ಪ್ಲಾಸಿಡಾ ಮಗ್ಬನುವಾ, ವಕೀಲೆ; ಅದರ ಕೆಳಗೆ
ರೋಲ್ ನಂಬರು, ತೆರಿಗೆ ರಸೀತಿಯ ನಂಬರು,
ಅದಕ್ಕೂ ಕೆಳಗೆ ಈ ನಂಬರು:
ಈ ಹೆಂಗಸು ಇನ್ನೂ ಓದುತ್ತಿದ್ದಾಳೆ, ನಂಬಬಹುದು.

ಇಲೊಯ್ಲೊದ ಹೋಟೆಲು, ಎರಡನೇ ಮಹಡಿ.
ಏಸಿಯ ಚಳಿಗೆ ಎಲ್ಲರೂ ಶಾಲು ಹೊದ್ದಿದ್ದೇವೆ,
ಸತ್ತವರ ಮನೆಗೆ ಬಂದವರ ಹಾಗೆ.
ಹಿಂದಿನ ಸಾಲಿನಲ್ಲಿ ನೋಟರಿ ಬೆಬೊತ್
ಮೊನ್ನೆಯ ತಾರೀಖಿನ ಪ್ರಮಾಣಪತ್ರಗಳಿಗೆ
ಇವತ್ತು ಸೀಲು ಒತ್ತುತ್ತಿದ್ದಾನೆ, ಧೊಪ್, ಧೊಪ್.
ನೀತಿಯ ತರಗತಿ ಇನ್ನೂ ಶುರುವಾಗಿಲ್ಲ, ಬಿಡಿ.

ಬೆಳಗ್ಗೆ ಸಾಕ್ಷ್ಯ ಕಾಯ್ದೆ. ಆಮೇಲೆ ತೆರಿಗೆ.
ಪಾನ್ಸಿತ್, ಬಾಳೆಎಲೆಯಲ್ಲಿ ಸುತ್ತಿದ ಅಂಟಕ್ಕಿಯ ಕಡುಬು.
ಸಹಿ ಹಾಕಿಸಿಕೊಳ್ಳುವ ಹುಡುಗಿ ಸಾಲುಸಾಲು ಅಲೆಯುತ್ತಾಳೆ,
ಊಟಕ್ಕೆ ಮುಂಚೆ ಒಂದು, ಊಟವಾದ ಮೇಲೆ ಒಂದು.
ಓಡಿಹೋಗುವ ಚಾಳಿ ನಮ್ಮದೆಂದು ಅವಳಿಗೆ ಗೊತ್ತು.

ಎರಡೂಕಾಲಿಗೆ ನೀತಿ.
ಮನಿಲಾದಿಂದ ಬಂದ ಹುಡುಗ, ಇಸ್ತ್ರಿ ಮುರಿಯದ ಅಂಗಿ,
ಪರದೆಯ ಮೇಲೊಂದು ಉದಾಹರಣೆ ಇಳಿಸಿದ:
'ವಕೀಲ ಎಕ್ಸ್. ಮೇಲ್ಮನವಿಗೆ ಹದಿನೈದು ದಿನ.
ಹದಿನಾರನೆಯ ದಿನ ಸಲ್ಲಿಸಿದ.
ಜಮೀನು ಹೋಯಿತು. ಚರ್ಚಿಸಿ.'

ಸಲ್ಲಿಸಿದ ಅಲ್ಲ ಮಗಾ,
ಸಲ್ಲಿಸಿದಳು.

ಹದಿನೈದನೆಯ ದಿನ ರೇಡಿಯೊ ಚಂಡಮಾರುತ ಎಂದಿತ್ತು.
ಶಾಲೆಗಳು ಮುಚ್ಚಿದವು. ಗಿಮಾರಸ್ಸಿನ ದೋಣಿಗಳನ್ನು ಕಟ್ಟಿಹಾಕಿದರು.
ಕೋರ್ಟೂ ಮುಚ್ಚಿರುತ್ತದೆ ಅಂದುಕೊಂಡೆ. ಅಂದುಕೊಂಡೆ, ಅಷ್ಟೆ;
ಫೋನು ಕೈಗೆಟುಕುವಲ್ಲೇ ಇತ್ತು.
ಕಿಟಕಿಗೆ ಹಲಗೆ ಹೊಡೆಸಿ, ಮೇಣದಬತ್ತಿ ತರಿಸಿಟ್ಟು
ಮಧ್ಯಾಹ್ನ ಒಳ್ಳೇ ನಿದ್ದೆ ಮಾಡಿದೆ.
ಗಾಳಿ ಸಾಮಾರಿನ ಕಡೆ ತಿರುಗಿಕೊಂಡಿತು.
ಇಲ್ಲಿ ಬಿಸಿಲು. ಬಟ್ಟೆ ಒಣಹಾಕುವಂಥ ಬಿಸಿಲು.
ಕೋರ್ಟಿನಲ್ಲಿ ಒಬ್ಬನೇ ಗುಮಾಸ್ತ, ಕಡಲೆಕಾಯಿ ಸುಲಿಯುತ್ತ
ಐದು ಗಂಟೆಯವರೆಗೂ ಕೂತಿದ್ದನಂತೆ.

ಹೊಸಬಳೊಬ್ಬಳು ಕೈಯೆತ್ತಿದಳು:
'ಆ ಕಕ್ಷಿದಾರ ಏನಾದ, ಸರ್?'
ಹುಡುಗ ಹಾಳೆ ತಿರುವಿದ. 'ತೀರ್ಪಿನಲ್ಲಿ ಅದಿಲ್ಲ.'

ಇರುವುದಿಲ್ಲ.
ಗಿಂಬಾಲಿನ ಎಪಿಫಾನ್ಯೊ ಗೆಲ್ವೋರಿಯ.
ಅರ್ಧ ಹೆಕ್ಟೇರು, ಅದರಲ್ಲಿ ಏಳು ಮಾವಿನ ಮರ.
ನಾನು ಅವನಿಗೆ ಹೇಳಿದ್ದು: 'ಕೋರ್ಟು ಒಪ್ಪಲಿಲ್ಲ.'
ಸುಳ್ಳಲ್ಲ ಅದು. ಮೂವತ್ತೈದು ವರ್ಷದ ವಕೀಲಿಕೆ,
ಸುಳ್ಳಲ್ಲದ್ದನ್ನು ಹೇಳುವುದು ನನಗೆ ಚೆನ್ನಾಗಿ ಬರುತ್ತದೆ.
ಗೆದ್ದವ ಸೋತ, ಸೋತವ ಸತ್ತ ಅನ್ನುತ್ತಾರೆ.
ಇವನು ಸಾಯಲಿಲ್ಲ. ಪ್ರತಿ ಏಪ್ರಿಲಿನಲ್ಲಿ
ತನ್ನದಾಗಿದ್ದ ಮರಗಳನ್ನು ಕೂಲಿಗೆ ಹತ್ತಿ
ಕಿತ್ತದ್ದರಲ್ಲಿ ಒಂದು ಬುಟ್ಟಿ ನನಗೆ ತರುತ್ತಾನೆ.
'ಎಷ್ಟು ಹೋರಾಡಿದಿರಿ, ಅಟಾರ್ನಿ' ಅನ್ನುತ್ತಾನೆ.
ತಿನ್ನುತ್ತೇನೆ.
ಸಿಹಿಯಾಗಿರುತ್ತದೆ, ಅದೇ ಕಷ್ಟ.

ಕೊನೆಗೊಂದು ಹಾಳೆ: 'ಇಂದು ನೀವು ಕಲಿತದ್ದೇನು?'
ಉತ್ತರಕ್ಕೆ ಎರಡು ಗೆರೆ ಜಾಗ.
ಬೆಬೊತ್ 'ಬಹಳ ಉಪಯುಕ್ತ' ಎಂದು ಗೀಚಿ
ನನ್ನ ಹಾಳೆಗೆ ಇಣುಕಿದ.
ನಾನು ಚೀಲದೊಳಗೇ ಜಪಮಾಲೆ ಹಿಡಿದು
ಹತ್ತು ಮಣಿ, ದಾಟಿ ಐದು ಮಣಿ,
ಹದಿನೈದರ ಮೇಲೆ ಬೆರಳಿಟ್ಟು ಕೂತಿದ್ದೆ.
ಎಷ್ಟು ಸಲೀಸು ಎಣಿಕೆ. ಮಗುವೂ ಮಾಡೀತು.
ಹುಡುಗಿ ಬಂದಳು. ಸಹಿ ಹಾಕಿದೆ.

ಹೊರಗೆ ಗಿಂಬಾಲಿನ ಜೀಪ್ನಿ ಗುರುಗುಡುತ್ತಿತ್ತು.
'ಒಬ್ಬರು, ಇನ್ನೊಬ್ಬರೇ ಒಬ್ಬರು' ಎಂದು ಹುಡುಗನೊಬ್ಬ
ತಗಡು ಬಡಿದು ಕೂಗುತ್ತಿದ್ದ.
ಏಪ್ರಿಲಿಗೆ ಇನ್ನೂ ಬಹಳ ದಿನ.
ನಾಳೆಗೆ ಒಂಬತ್ತು ಗಂಟೆ ಬಾಕಿ.
ಕೈಯಲ್ಲಿ ಶಾಲು, ಬರೆಯದ ಆ ಎರಡು ಗೆರೆ.
ಅವನು ನನ್ನನ್ನೇ ನೋಡಿ ಕೂಗಿದ, 'ಒಬ್ಬರು!'